ಅಗಲದ ಪರದೆ, ಎತ್ತರದ ಲೆಕ್ಕ

ಮೂರು ವಾರ ನನ್ನ ಮೇಜಿನ ಮೇಲೆ ರಟ್ಟಿನ ಮಾನಿಟರ್‌ಗಳು ನಿಂತಿದ್ದವು. ಹಳೆಯ ಪೆಟ್ಟಿಗೆಗಳನ್ನು ಬಿಚ್ಚಿ, ಸ್ಕೇಲ್ ಇಟ್ಟು ಗೆರೆ ಎಳೆದು ಕತ್ತರಿಸಿದ ನಾಲ್ಕು ತುಂಡುಗಳು. ಒಂದು 24 ಇಂಚಿನದು, ಒಂದು 27, ಒಂದು 32, ಇನ್ನೊಂದು ಉದ್ದನೆಯ 34. ದಿನಕ್ಕೊಂದನ್ನು ಗೋಡೆಗೆ ಒರಗಿಸಿ, ಅದರ ಮುಂದೆ ಕೂತು, ಕೆಲಸ ಮಾಡುವ ಹಾಗೆಯೇ ಎಡಕ್ಕೆ ಬಲಕ್ಕೆ ಕಣ್ಣು ಹಾಯಿಸುತ್ತಿದ್ದೆ. ಮೊದಲ ದಿನ ಮನೆಯವರು ಏನಿದು ಅಂದರು. ಆಮೇಲೆ ಅವರೂ ಬಂದು ಕೂತು, "ಇದು ಅಗಲ ಜಾಸ್ತಿ ಆಯ್ತು, ಅದೇ ವಾಸಿ" ಅನ್ನತೊಡಗಿದರು.

ಇಷ್ಟೆಲ್ಲ ಯಾಕೆ ಬೇಕಿತ್ತು ಅಂದರೆ, ಇದಕ್ಕೆ ಮುಂಚೆ ಒಮ್ಮೆ ಅಗಲದ ಪರದೆ ಕೊಂಡು ಬಹಳ ವರ್ಷ ಒದ್ದಾಡಿದ್ದೆ. ಯಾರೂ ಮೋಸ ಮಾಡಿರಲಿಲ್ಲ. ಡಬ್ಬದ ಮೇಲೆ ಬರೆದದ್ದೆಲ್ಲ ನಿಜವೇ. ಆ ಸಂಖ್ಯೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ, ಅಷ್ಟೇ.

ನನ್ನ ಕೆಲಸ ಅನುವಾದ ಮತ್ತು ಕರಡು ತಿದ್ದುವುದು. ಇಡೀ ದಿನ ಅಕ್ಷರಗಳ ಜೊತೆಯೇ. ತುಂಬಾ ಕಾಲ ನನ್ನ ಹತ್ತಿರ ಇದ್ದದ್ದು 19 ಇಂಚಿನ ಹಳೆಯ ಚೌಕ ಮಾನಿಟರ್. ಪೂರ್ತಿ ಚೌಕವೇನಲ್ಲ, 5:4ರ ಆಕಾರ, ಅಂದರೆ ಅಗಲ ಐದು ಪಾಲಾದರೆ ಎತ್ತರ ನಾಲ್ಕು. 1280 ಚುಕ್ಕೆ (ಪಿಕ್ಸೆಲ್) ಅಗಲ, 1024 ಚುಕ್ಕೆ ಎತ್ತರ. ಅದು ಕೆಟ್ಟಾಗ 21.5 ಇಂಚಿನ ಅಗಲದ ಪರದೆ ತಂದೆ. ಎರಡೂವರೆ ಇಂಚು ದೊಡ್ಡದು ಅಂತ ಖುಷಿ. ಚುಕ್ಕೆಗಳೂ ಜಾಸ್ತಿ, 1920 ಅಗಲ, 1080 ಎತ್ತರ. ಎಲ್ಲ ಲೆಕ್ಕದಲ್ಲೂ ಹೊಸದೇ ಮೇಲು ಅಲ್ವಾ?

ಕೂತು ಕೆಲಸ ಶುರು ಮಾಡಿದ ಮೇಲೆ ಏನೋ ಕಸಿವಿಸಿ. ಪುಟದ ಕೆಳಭಾಗವನ್ನು ಯಾರೋ ಹರಿದುಕೊಂಡು ಹೋದ ಹಾಗೆ. ಅಕ್ಷರ ಸಣ್ಣ ಅನಿಸಿತು. ದೊಡ್ಡದು ಮಾಡಿದರೆ ಸಾಲುಗಳು ಕಡಿಮೆಯಾದವು. ಎಡಕ್ಕೂ ಬಲಕ್ಕೂ ಬಿಳಿ ಜಾಗ ಸುಮ್ನೆ ಬಿದ್ದಿತ್ತು. ತುಂಬಾ ತಡವಾಗಿ ಒಂದು ದಿನ ಟೇಪು ಹಿಡಿದು ಅಳೆದೆ. ಹಳೆಯ 19 ಇಂಚಿನ ಪರದೆಯ ಎತ್ತರ 30 ಸೆಂ.ಮೀ. ಹೊಸ 21.5 ಇಂಚಿನದು 27 ಸೆಂ.ಮೀ.ಗೂ ಕಡಿಮೆ. ದೊಡ್ಡದು ಅಂತ ತಂದ ಪರದೆ ಮೂರು ಸೆಂ.ಮೀ. ಕುಳ್ಳಗಿತ್ತು. ಆ ಕಡಿಮೆ ಎತ್ತರದೊಳಗೆ 56 ಚುಕ್ಕೆ ಜಾಸ್ತಿ ತುಂಬಿದ್ದರಿಂದ ಪ್ರತಿ ಅಕ್ಷರವೂ ಆರರಲ್ಲಿ ಒಂದು ಪಾಲು ಕುಗ್ಗಿತ್ತು.

ಇಂಚಿನ ಲೆಕ್ಕದ ಗುಟ್ಟು ಇಷ್ಟೇ. ಅದು ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದದ್ದು. ಆಕಾರ ಒಂದೇ ಆಗಿದ್ದರೆ ಆ ಅಳತೆಯಿಂದ ಎರಡು ಪರದೆಗಳನ್ನು ಹೋಲಿಸಬಹುದು. ಆಕಾರ ಬದಲಾದರೆ ಹೋಲಿಕೆಯೇ ತಪ್ಪುತ್ತದೆ. 20 ಇಂಚಿನ 4:3 ಪರದೆ 16 ಇಂಚು ಅಗಲ, 12 ಇಂಚು ಎತ್ತರ ಇರುತ್ತದೆ. ಅಂದರೆ 192 ಚದರ ಇಂಚು. ಅದೇ 20 ಇಂಚು 16:9ರಲ್ಲಿ ಆದರೆ ಅಗಲ ಹದಿನೇಳೂವರೆ ಹತ್ತಿರ, ಎತ್ತರ ಹತ್ತಕ್ಕಿಂತ ತುಸು ಕಡಿಮೆ. ಗುಣಿಸಿದರೆ ಸುಮಾರು 171 ಚದರ ಇಂಚು. ಓರೆಯಾಗಿ ಅಳೆದರೆ ಎರಡೂ ಒಂದೇ, ಆದರೆ ಜಾಗದಲ್ಲಿ ನೂರಕ್ಕೆ ಹನ್ನೊಂದು ಪಾಲು ಹೋಯಿತು. ಚಪ್ಪಟೆ ಆದಷ್ಟೂ ಅದೇ ಇಂಚಿಗೆ ಸಿಗುವ ಜಾಗ ಕಡಿಮೆ.

ಹಾಗಾದರೆ ಪರದೆಗಳು ಅಗಲವಾದದ್ದು ಯಾಕೆ? ಇದನ್ನು ಹುಡುಕುತ್ತಾ ಹೋದಾಗ ನನಗೆ ತುಂಬಾ ಹಿಡಿಸಿದ್ದು 1973ರ ಜೆರಾಕ್ಸ್ ಆಲ್ಟೋ ಕಂಪ್ಯೂಟರ್. ಅದರ ಪರದೆ ನಿಂತ ಕಾಗದದ ಆಕಾರದಲ್ಲಿತ್ತು. 606 ಚುಕ್ಕೆ ಅಗಲ, 808 ಚುಕ್ಕೆ ಎತ್ತರ. ಪುಟವನ್ನು ಪುಟದ ಹಾಗೆಯೇ ತೋರಿಸಬೇಕು ಅನ್ನುವ ಯೋಚನೆ ಅದರಲ್ಲಿ ಕಾಣುತ್ತದೆ. ಓದುವವರು ಬರೆಯುವವರು ಕೇಳುವ ಆಕಾರ ಅದೇ. ಆದರೆ ಮನೆಮನೆಗೆ ಬಂದ ಕಂಪ್ಯೂಟರ್‌ಗಳು ಟಿವಿಯ ಆಕಾರ ಹಿಡಿದವು, ಟಿವಿ ಅದನ್ನು ಸಿನಿಮಾದಿಂದ ತಂದಿತ್ತು. 35 ಮಿ.ಮೀ. ಫಿಲ್ಮಿನ 4:3 ಚೌಕಟ್ಟು ಎಡಿಸನ್ ಅವರ ಪ್ರಯೋಗಾಲಯದಲ್ಲಿ ಡಿಕ್ಸನ್ ಅವರು 1890ರ ದಶಕದ ಆರಂಭದಲ್ಲಿ ರೂಪಿಸಿದ್ದು. ಟಿವಿ ಬಂದು ಜನ ಮನೆಯಲ್ಲೇ ಕೂತಾಗ ಸಿನಿಮಾದವರು ಅವರನ್ನು ಸೆಳೆಯಲು 1950ರ ದಶಕದಲ್ಲಿ ಪರದೆಯನ್ನು ಹಿಗ್ಗಿಸಿದರು. 1953ರಲ್ಲಿ ಸಿನಿಮಾಸ್ಕೋಪ್ ಬಂತು.

16:9 ಬಂದ ಬಗೆ ಓದಿದಾಗ ನನ್ನ ರಟ್ಟಿನ ತುಂಡುಗಳ ಮೇಲೆ ಪ್ರೀತಿ ಹೆಚ್ಚಾಯಿತು. 1980ರ ದಶಕದಲ್ಲಿ ಹೊಸ ಟಿವಿಗೆ ಯಾವ ಆಕಾರ ಇರಬೇಕು ಅನ್ನುವ ಚರ್ಚೆ ನಡೆಯುತ್ತಿತ್ತು. ಕರ್ನ್ಸ್ ಪವರ್ಸ್ ಅನ್ನುವ ಎಂಜಿನಿಯರ್ ಆಗ ಚಾಲ್ತಿಯಲ್ಲಿದ್ದ ಸಿನಿಮಾ ಮತ್ತು ಟಿವಿ ಆಕಾರಗಳನ್ನೆಲ್ಲ ಒಂದೇ ಜಾಗ ಬರುವ ಹಾಗೆ ಕತ್ತರಿಸಿ, ಒಂದರ ಮೇಲೊಂದು ನಡುಬಿಂದು ಕೂಡಿಸಿ ಇಟ್ಟರು. ಎಲ್ಲವನ್ನೂ ಒಳಗೊಳ್ಳುವ ಹೊರಚೌಕಟ್ಟು, ಎಲ್ಲದರೊಳಗೂ ಸಮನಾಗಿ ಬರುವ ಒಳಚೌಕಟ್ಟು, ಎರಡೂ ಹೆಚ್ಚುಕಡಿಮೆ 1.77ಕ್ಕೆ 1ರ ಆಕಾರದಲ್ಲಿದ್ದವು. ಅದೇ 16:9. ಯಾವ ಚಿತ್ರ ಹಾಕಿದರೂ ಕಪ್ಪು ಪಟ್ಟಿ ತೀರಾ ಜಾಸ್ತಿ ಆಗದ ಆಕಾರ. ಚೆನ್ನಾಗಿ ಯೋಚಿಸಿದ ರಾಜಿ ಅದು. ಆದರೆ ಆ ಲೆಕ್ಕದಲ್ಲಿ ಇದ್ದದ್ದು ಚಲಿಸುವ ಚಿತ್ರಗಳು. ಬರೆದ ಪುಟ ಅದರಲ್ಲಿ ಇರಲೇ ಇಲ್ಲ.

ಕಂಪ್ಯೂಟರ್ ಮಾನಿಟರ್‌ಗಳು ಅಗಲವಾದ ಹೊಸತರಲ್ಲಿ 16:10 ಆಕಾರ ಹೆಚ್ಚು ಇತ್ತು. 1680×1050, 1920×1200, ಹೀಗೆ. 2008ರಿಂದ 2010ರ ಹೊತ್ತಿಗೆ ಬಹುಪಾಲು 16:9ಕ್ಕೆ ಹೊರಳಿಕೊಂಡವು. ದೊಡ್ಡ ಗಾಜಿನ ಹಾಳೆಯಿಂದ ಪರದೆಗಳನ್ನು ಕತ್ತರಿಸುವ ಕಾರ್ಖಾನೆಗೆ ಟಿವಿ, ಮಾನಿಟರ್ ಎರಡಕ್ಕೂ ಒಂದೇ ಆಕಾರ ಇದ್ದರೆ ಅನುಕೂಲ. ನಮಗೆ 120 ಸಾಲು ಚುಕ್ಕೆ ಹೋಯಿತು. 1200ರಿಂದ 1080ಕ್ಕೆ. ಕೇಳಲು ಸಣ್ಣದು. ಟೂಲ್‌ಬಾರ್, ಟ್ಯಾಬ್, ಕೆಳಗಿನ ಪಟ್ಟಿ ಇವೆಲ್ಲ ತಿನ್ನುವುದು ಎತ್ತರವನ್ನೇ ಅಂತ ನೆನಪಿಟ್ಟುಕೊಂಡರೆ ಸಣ್ಣದಲ್ಲ. ಈಗ 16:10 ಮತ್ತೆ ಬರುತ್ತಿದೆ, ಲ್ಯಾಪ್‌ಟಾಪ್‌ಗಳಲ್ಲಿ ಅಂತೂ ಚೆನ್ನಾಗಿ. ನನಗೆ ಅದು ನಿಜವಾದ ಸಂತೋಷದ ಸುದ್ದಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಎತ್ತರದ ಮಾತು ಇನ್ನೂ ಗಟ್ಟಿಯಾಗಿ ತಾಕುತ್ತದೆ. ನಮ್ಮ ಅಕ್ಷರ ಕೆಳಗೂ ಬೆಳೆಯುತ್ತದೆ. 'ರಾಷ್ಟ್ರ' ಅಂತ ಬರೆದರೆ ಒಂದು ಅಕ್ಷರಕ್ಕೆ ಎರಡು ಒತ್ತು. ಸಾಲುಗಳ ನಡುವೆ ಉಸಿರಾಡಲು ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. ಹಾಗಾಗಿ ನಾನು ಸಾಲಿನ ಅಂತರ ಯಾವಾಗಲೂ ಒಂದೂವರೆ ಇಟ್ಟುಕೊಳ್ಳುತ್ತೇನೆ. ಒಂದು ಪರದೆಯಲ್ಲಿ ಕಾಣುವ ಇಂಗ್ಲಿಷ್ ಸಾಲುಗಳಿಗಿಂತ ಕನ್ನಡದ ಸಾಲುಗಳು ಕಡಿಮೆ. ಎತ್ತರ ಕಳೆದುಕೊಂಡರೆ ಹಿಂದಿನ ಪ್ಯಾರಾ ಕಣ್ಣಿಂದ ಮರೆಯಾಗುತ್ತದೆ, ಹೇಳಿದ್ದನ್ನೇ ಮತ್ತೆ ಹೇಳಿದ್ದೀನಾ ಅಂತ ನೋಡಲು ಮೇಲೆ ಕೆಳಗೆ ಓಡಾಡಬೇಕು.

ಇನ್ನೊಂದು ಚುಕ್ಕೆಗಳ ಸಾಂದ್ರತೆ. ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಅನ್ನುವುದು. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ, ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೀಟು ಅಷ್ಟೇ. ಚುಕ್ಕೆ ದಪ್ಪಗಿದ್ದರೆ ಆ ಗೀಟು ಅಕ್ಷರದೊಳಗೆ ಕರಗಿ ಹೋಗುತ್ತದೆ. 'ಆದಾರ' ಅಂತ ಇದ್ದದ್ದು 'ಆಧಾರ' ಅಂತಲೇ ಓದಿಸಿಕೊಂಡು ಮುಂದೆ ಹೋಗಿಬಿಡುತ್ತದೆ. ಕರಡು ತಿದ್ದುವವರಿಗೆ ಇದಕ್ಕಿಂತ ದೊಡ್ಡ ತೊಂದರೆ ಇಲ್ಲ. ಅಚ್ಚಾದ ಮೇಲೆ ಕಾಗದದಲ್ಲಿ ಆ ತಪ್ಪು ಎದ್ದು ಕಂಡು ನಾನು ಎಷ್ಟೋ ಸಲ ಬೇಸರಪಟ್ಟಿದ್ದೇನೆ.

24 ಇಂಚಿಗೆ 1920×1080 ಇದ್ದರೆ ಇಂಚಿಗೆ ಸುಮಾರು 92 ಚುಕ್ಕೆ. ಅದೇ ಚುಕ್ಕೆಗಳನ್ನು 27 ಇಂಚಿಗೆ ಹಿಗ್ಗಿಸಿದರೆ 82ಕ್ಕೆ ಇಳಿಯುತ್ತದೆ. ಬೆಲೆ ಇಳಿಸಿ ದೊಡ್ಡ ಪರದೆ ಕೊಡುವಾಗ ಹೀಗೇ ಮಾಡುತ್ತಾರೆ. ಅಕ್ಷರದ ಕೆಲಸಕ್ಕೆ ಅದು ಬೇಡವೇ ಬೇಡ. 27 ಇಂಚಿಗೆ 2560×1440 ಇದ್ದರೆ 109, 3840×2160 ಇದ್ದರೆ 163. ಕೊನೆಯದು ಕಣ್ಣಿಗೆ ಹಬ್ಬ. ಅಕ್ಷರಗಳನ್ನು ಒಂದೂವರೆ ಪಟ್ಟು ಹಿಗ್ಗಿಸಿಕೊಂಡರೆ ಅಳತೆ ಮೊದಲಿನಷ್ಟೇ ಇದ್ದು, ಅಂಚು ಅಚ್ಚಿನ ಅಕ್ಷರದ ಹಾಗೆ ಚೂಪಾಗುತ್ತದೆ. ಒತ್ತಕ್ಷರದ ಸುಳಿ ಕೂಡ ಬಿಡಿಯಾಗಿ ಕಾಣುತ್ತದೆ.

ಇಷ್ಟು ತಿಳಿದ ಮೇಲೆ ಸುಮ್ಮನೆ ಎತ್ತರ ಜಾಸ್ತಿ ಇರುವ ಪರದೆ ತಂದರಾಯಿತು ಅಂದುಕೊಂಡಿದ್ದೆ. ಲೆಕ್ಕದ ಪ್ರಕಾರ 32 ಇಂಚಿನ 16:9 ಗೆಲ್ಲಬೇಕಿತ್ತು. ಅದರ ಎತ್ತರ ಸುಮಾರು 40 ಸೆಂ.ಮೀ. ಚುಕ್ಕೆ 3840×2160 ಆದರೆ ಇಂಚಿಗೆ 138. ಆದರೆ ಆ ರಟ್ಟಿನ ಮುಂದೆ ಎರಡು ದಿನ ಕೂತಾಗ ಕುತ್ತಿಗೆ ಬೇರೆಯೇ ಹೇಳಿತು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇರಬೇಕು ಅನ್ನುತ್ತಾರೆ. ಸ್ಟ್ಯಾಂಡಿನ ಮೇಲೆ ಇಟ್ಟಾಗ ನನ್ನ 32ರ ಮೇಲಂಚು ಕಣ್ಣು ದಾಟಿ ಮೇಲೆ ಹೋಗುತ್ತಿತ್ತು. ನನ್ನದು ಪ್ರೋಗ್ರೆಸಿವ್ ಕನ್ನಡಕ. ಹತ್ತಿರದ್ದನ್ನು ನೋಡುವ ಭಾಗ ಗಾಜಿನ ಕೆಳಗಿದೆ. ಮೇಲಿನ ಸಾಲು ಓದಬೇಕಾದರೆ ಗಲ್ಲ ಎತ್ತಬೇಕು. ದಿನಕ್ಕೆ ಎಂಟು ಗಂಟೆ ಗಲ್ಲ ಎತ್ತಿ ಕೂರಲಾಗುತ್ತದೆಯೇ? ಎತ್ತರಕ್ಕೂ ಒಂದು ಹದ ಇದೆ ಅಂತ ರಟ್ಟು ತೋರಿಸಿಕೊಟ್ಟಿತು. ನನ್ನ ಕುರ್ಚಿ, ನನ್ನ ಮೇಜು, ನನ್ನ ಕನ್ನಡಕಕ್ಕೆ ಆ ಹದ 33 ಸೆಂ.ಮೀ. ಆಸುಪಾಸು.

33 ಸೆಂ.ಮೀ. ಎತ್ತರ ಎರಡು ಬಗೆಯಲ್ಲಿ ಸಿಗುತ್ತದೆ. 27 ಇಂಚಿನ 16:9 ಒಂದು. 34 ಇಂಚಿನ, 21:9 ಅಂತ ಕರೆಯುವ ತುಂಬಾ ಅಗಲದ ಪರದೆ ಇನ್ನೊಂದು. ಎರಡರ ಎತ್ತರ ಹೆಚ್ಚುಕಡಿಮೆ ಒಂದೇ. 27ರ ಬದಿಗೆ ಅದರ ಅಗಲದ ಮೂರನೇ ಒಂದು ಪಾಲು ಅಂಟಿಸಿದರೆ 34 ಆಗುತ್ತದೆ. ಚುಕ್ಕೆಯಲ್ಲೂ ಹಾಗೇ, 2560 ಇದ್ದದ್ದು 3440 ಆಗುತ್ತದೆ, 1440 ಹಾಗೇ ಉಳಿಯುತ್ತದೆ. 29 ಇಂಚಿನ ಅಗಲದ ಪರದೆಗಳೂ ಇವೆ. ಹೆಸರಿಗೆ 29 ಆದರೂ ಅವುಗಳ ಎತ್ತರ 23 ಇಂಚಿನ ಸಾಮಾನ್ಯ ಪರದೆಯಷ್ಟೇ. ಈ ಹೋಲಿಕೆ ಡಬ್ಬದ ಮೇಲೆ ಬರೆದಿರುವುದಿಲ್ಲ. ಬರೆದಿದ್ದರೆ ಎಷ್ಟೋ ಜನಕ್ಕೆ ಉಪಕಾರ ಆಗುತ್ತಿತ್ತು.

ಅಗಲ ಬೇಕಾ ಅನ್ನುವುದು ಆಮೇಲಿನ ಪ್ರಶ್ನೆ. ಒಂದೇ ಬರಹವನ್ನು ಪರದೆಯ ತುಂಬಾ ಹರಡಿ ಓದಲು ಯಾರಿಗೂ ಅಗಲ ಬೇಡ. ಸಾಲು ತೀರಾ ಉದ್ದವಾದರೆ ಬಲತುದಿಯಿಂದ ಎಡಕ್ಕೆ ಮರಳುವಾಗ ಕಣ್ಣು ದಾರಿ ತಪ್ಪುತ್ತದೆ, ಓದಿದ ಸಾಲನ್ನೇ ಮತ್ತೆ ಓದುತ್ತೇವೆ. ಅಗಲದ ಉಪಯೋಗ ಇರುವುದು ಎರಡು ಮೂರು ಕಡತಗಳನ್ನು ಪಕ್ಕಪಕ್ಕ ಇಡುವುದರಲ್ಲಿ. ಅನುವಾದದಲ್ಲಿ ಎಡಗಡೆ ಮೂಲ, ನಡುವೆ ನನ್ನ ಬರಹ, ಬಲಗಡೆ ನಿಘಂಟು ಬೇಕು. ಇವನ್ನು ಒಂದರ ಹಿಂದೊಂದು ಇಟ್ಟು ತಿರುಗಿಸಿ ತಿರುಗಿಸಿ ನೋಡುವಾಗ ಪ್ರತಿ ಸಲವೂ ಮನಸ್ಸಿನಲ್ಲಿ ಹಿಡಿದಿಟ್ಟ ವಾಕ್ಯ ಸ್ವಲ್ಪ ಜಾರುತ್ತದೆ. ಎದುರಿಗೇ ಇದ್ದರೆ ಕಣ್ಣು ಹಾಯಿಸಿದರೆ ಸಾಕು. ಇದು ಅನುಭವಿಸಿದವರಿಗೇ ಗೊತ್ತು.

ಎರಡು ಮಾನಿಟರ್ ಇಟ್ಟುಕೊಳ್ಳಬಹುದಲ್ಲ ಅಂತ ಗೆಳೆಯರು ಹೇಳಿದರು. ಒಬ್ಬರ ಮೇಜಿನಲ್ಲಿ ಒಂದು ವಾರ ಹಾಗೆ ಕೆಲಸ ಮಾಡಿಯೂ ನೋಡಿದೆ. ಎರಡು 24 ಇಂಚಿನವು. ಸಮವಾಗಿ ಇಟ್ಟರೆ ಎರಡರ ಅಂಚು ಕೂಡುವ ಜಾಗ ಸರಿಯಾಗಿ ಮೂಗಿನ ನೇರಕ್ಕೆ ಬರುತ್ತದೆ. ನೋಡುವ ಜಾಗದ ನಟ್ಟನಡುವೆ ಕಂಬ ನಿಂತ ಹಾಗೆ. ಒಂದನ್ನು ಎದುರಿಗೆ ಇಟ್ಟು ಇನ್ನೊಂದನ್ನು ಪಕ್ಕಕ್ಕೆ ಸರಿಸಿದರೆ ಕುತ್ತಿಗೆ ಯಾವಾಗಲೂ ಒಂದೇ ಕಡೆ ತಿರುಗುತ್ತದೆ. ಆದರೆ ಎರಡನೆಯದನ್ನು ಉದ್ದುದ್ದ ನಿಲ್ಲಿಸಿ, ಪುಟದ ಆಕಾರ ಮಾಡಿ ಓದಲು ಇಟ್ಟುಕೊಂಡವರನ್ನು ನೋಡಿದ್ದೇನೆ. ಆಲ್ಟೋದ ಆಕಾರ ಹಾಗೆ ಮರಳಿ ಬರುತ್ತದೆ. ಮೇಜು ದೊಡ್ಡದಿದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೇನೋ. ಉದ್ದ ಕಡತಗಳನ್ನು, ಪ್ರೋಗ್ರಾಂಗಳನ್ನು ಓದುವವರಿಗೆ ಅದು ತುಂಬಾ ಒಳ್ಳೆಯ ಜೋಡಿ. ತಿರುಗುವ ಸ್ಟ್ಯಾಂಡ್ ಇದೆಯೇ ಅಂತ ಮೊದಲೇ ನೋಡಿಕೊಳ್ಳಬೇಕು.

ಮೇಜಿನ ಆಳದ ವಿಷಯ ಜನ ಮರೆಯುತ್ತಾರೆ. 34 ಇಂಚಿನ ಪರದೆ 80 ಸೆಂ.ಮೀ. ಅಗಲ. ಅದರಿಂದ 70 ಸೆಂ.ಮೀ. ದೂರ ಕೂತರೆ ನಡುಭಾಗ 70 ಸೆಂ.ಮೀ. ದೂರ, ತುದಿಗಳು 80ಕ್ಕಿಂತ ಸ್ವಲ್ಪ ಹೆಚ್ಚು. ನೋಟ ತುದಿಗೆ ಹೋದಾಗಲೆಲ್ಲ ಕಣ್ಣು ಹತ್ತು ಸೆಂ.ಮೀ. ಹೆಚ್ಚು ದೂರಕ್ಕೆ ಹೊಂದಿಕೊಳ್ಳಬೇಕು. ಬಾಗಿದ ಪರದೆಗಳು ಬಂದದ್ದು ಇದಕ್ಕೇ. 1800ಆರ್ ಅಂತ ಬರೆದಿದ್ದರೆ ಆ ಬಾಗು 1800 ಮಿ.ಮೀ. ತ್ರಿಜ್ಯದ ದೊಡ್ಡ ವೃತ್ತದ ಒಂದು ತುಣುಕು ಅಂತ ಅರ್ಥ. ಸಂಖ್ಯೆ ಸಣ್ಣದಾದಷ್ಟೂ ಬಾಗು ಜಾಸ್ತಿ. 1800ಆರ್‌ನಲ್ಲಿ ತುದಿಗಳು ಸುಮಾರು ನಾಲ್ಕು ಸೆಂ.ಮೀ. ಹತ್ತಿರ ಬರುತ್ತವೆ. ಜಾಹೀರಾತು ನೋಡಿದರೆ ಪರದೆ ನಮ್ಮನ್ನು ಅಪ್ಪಿಕೊಳ್ಳುತ್ತದೆ ಅನಿಸುತ್ತದೆ, ನಿಜದಲ್ಲಿ ಸಣ್ಣ ಸಹಾಯ. ಆ ಸಣ್ಣ ಸಹಾಯವೂ ಸಂಜೆಯ ಹೊತ್ತಿಗೆ ಕಣ್ಣಿಗೆ ಗೊತ್ತಾಗುತ್ತದೆ. ನಕ್ಷೆ ಬರೆಯುವವರು, ನೇರ ಗೆರೆಗಳ ಜೊತೆ ಕೆಲಸ ಮಾಡುವವರು ಮಾತ್ರ ಸಮತಟ್ಟಾದದ್ದನ್ನೇ ತೆಗೆದುಕೊಳ್ಳುವುದು ವಾಸಿ.

ನನ್ನ ಮೇಜಿನ ಆಳ 60 ಸೆಂ.ಮೀ. ಅಷ್ಟೇ. ಸ್ಟ್ಯಾಂಡಿನ ಕಾಲುಗಳೇ ಮೂರನೇ ಒಂದು ಪಾಲು ತಿನ್ನುತ್ತಿದ್ದವು. ಮೇಜಿನ ಅಂಚಿಗೆ ಕಚ್ಚಿಸುವ ತೋಳು ಹಾಕಿಸಿ ಪರದೆಯನ್ನು ಗೋಡೆಯ ಹತ್ತಿರಕ್ಕೆ ತಳ್ಳಿದೆ. ಇದಕ್ಕೆ ಮಾನಿಟರ್ ಹಿಂದೆ ನಾಲ್ಕು ತೂತುಗಳು ಇರಬೇಕು, 100 ಮಿ.ಮೀ. ಅಂತರದ ಚೌಕದಲ್ಲಿ. ವೆಸಾ ಅಂತ ಕರೆಯುತ್ತಾರೆ. ಕೆಲವು ಚಂದದ ಮಾನಿಟರ್‌ಗಳಲ್ಲಿ ಅದು ಇರುವುದೇ ಇಲ್ಲ.

ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಹಲಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐಪಿಎಸ್, ವಿಎ, ಓಎಲ್‌ಇಡಿ ಅದರ ಬಗೆಗಳು. ಐಪಿಎಸ್‌ನಲ್ಲಿ ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ, ಇಷ್ಟು ಅಗಲದ ಪರದೆಗೆ ಅದು ಮುಖ್ಯ. ವಿಎಯಲ್ಲಿ ಕಪ್ಪು ಇನ್ನೂ ಗಾಢ, ಸಿನಿಮಾಕ್ಕೆ ಸೊಗಸು. ಆದರೆ ಕಪ್ಪು ಹಿನ್ನೆಲೆಯಲ್ಲಿ ಅಕ್ಷರ ಸರಿಸುವಾಗ ಹಿಂದೆ ನೆರಳಿನ ಹಾಗೆ ಎಳೆದುಕೊಂಡು ಹೋಗುವುದನ್ನು ಕೆಲವದರಲ್ಲಿ ನೋಡಿದ್ದೇನೆ. ಓಎಲ್‌ಇಡಿ ಚಿತ್ರಕ್ಕೆ ಅದ್ಭುತ. ಬಹಳಷ್ಟರಲ್ಲಿ ಚುಕ್ಕೆಯೊಳಗಿನ ಬಣ್ಣಗಳ ಜೋಡಣೆ ಬೇರೆ ಥರ ಇರುವುದರಿಂದ ಅಕ್ಷರದ ಅಂಚಿಗೆ ಬಣ್ಣದ ಝಾಲರಿ ಕಾಣಿಸಬಹುದು. ದಿನವಿಡೀ ಒಂದೇ ಕಡೆ ನಿಲ್ಲುವ ಪಟ್ಟಿಗಳು ಅದರಲ್ಲಿ ಅಚ್ಚೊತ್ತಿಬಿಡುವ ಭಯವೂ ಇದೆ. ನನಗೆ ಐಪಿಎಸ್ ಸಾಕು.

ಕೇಬಲ್ ಬಗ್ಗೆ ಒಂದು ಮಾತು. ಪರದೆಗೆ ಎಷ್ಟು ಚುಕ್ಕೆ ಇದ್ದರೂ ಅದನ್ನು ತುಂಬುವ ಶಕ್ತಿ ಕಂಪ್ಯೂಟರ್‌ನ ಪೋರ್ಟಿಗೆ ಇರಬೇಕು. ಹಳೆಯ ಎಚ್‌ಡಿಎಂಐ 1.4, 3840×2160ರ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು. ಆಗ ಮೌಸ್ ಕೆಸರಿನಲ್ಲಿ ನಡೆದ ಹಾಗೆ ಅನಿಸುತ್ತದೆ. ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಇದ್ದರೆ 60 ಸಲ. 34 ಇಂಚಿನಲ್ಲೇ 5120×2160 ಚುಕ್ಕೆಯ ಪರದೆಗಳೂ ಇವೆ, ಇಂಚಿಗೆ 163. ಎತ್ತರ, ಅಗಲ, ಸಾಂದ್ರತೆ ಮೂರೂ ನನಗೆ ಬೇಕಾದ ಹಾಗೆಯೇ. ನನ್ನ ಕಂಪ್ಯೂಟರ್ ಅದನ್ನು ಎಳೆಯಲಾರದು. ಅದೊಂದು ಆಸೆ ಹಾಗೇ ಉಳಿದಿದೆ.

ಕೊನೆಗೆ ತಂದದ್ದು 3440×1440ರ ಬಾಗಿದ 34. ಇಂಚಿಗೆ 110 ಚುಕ್ಕೆ. ಬಂದ ದಿನ ರಟ್ಟನ್ನು ಅದರ ಮೇಲೆ ಹಿಡಿದು ನೋಡಿದೆ, ಸರಿಯಾಗಿ ಕೂತಿತು. ಕೊರತೆ ಇಲ್ಲ ಅಂತಲ್ಲ. ಸಾಮಾನ್ಯ ವಿಡಿಯೊ ಹಾಕಿದರೆ ಎಡಬಲದಲ್ಲಿ ತಲಾ 440 ಚುಕ್ಕೆಯಷ್ಟು ಕಪ್ಪು ಉಳಿಯುತ್ತದೆ. ಮೀಟಿಂಗಿನಲ್ಲಿ ಪೂರ್ತಿ ಪರದೆ ಹಂಚಿಕೊಂಡರೆ ಎದುರಿನವರಿಗೆ ಅದು ಉದ್ದನೆಯ ಪಟ್ಟಿಯಾಗಿ, ಅಕ್ಷರ ಇರುವೆಯಷ್ಟಾಗಿ ಕಾಣುತ್ತದೆ. ಈಗ ಒಂದು ವಿಂಡೋ ಮಾತ್ರ ಹಂಚುತ್ತೇನೆ. ನಡುವಿನ ಬರಹಕ್ಕೆ ಅರ್ಧ ಪರದೆ, ಎರಡು ಬದಿಗೆ ಕಾಲು ಕಾಲು. ಮೂಲದ ಪ್ಯಾರಾ ಮತ್ತು ನನ್ನ ಪ್ಯಾರಾ ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ಮೊನ್ನೆ ಒಂದು ಕರಡಿನಲ್ಲಿ 'ಅಬ್ಯಾಸ' ಅಂತ ಇದ್ದದ್ದು ಮೊದಲ ಓದಿಗೇ ಕಣ್ಣಿಗೆ ಬಿತ್ತು.

ನಿನ್ನೆ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಮಾನಿಟರ್ ತಗೋಬೇಕು, ಎಷ್ಟು ಇಂಚು ತಗೊಳ್ಳಲಿ ಅಂದಳು. ನಿನ್ನ ಮೇಜಿನ ಆಳ ಎಷ್ಟು, ಕೂತಾಗ ಕಣ್ಣು ಮೇಜಿನಿಂದ ಎಷ್ಟು ಮೇಲೆ ಬರುತ್ತೆ ಅಂತ ಕೇಳಿದೆ. ಅಳೆದು ಹೇಳ್ತೀನಿ ಅಂದಳು. 27ರ ರಟ್ಟು ಮತ್ತು 32ರ ರಟ್ಟನ್ನು ಹಗ್ಗದಲ್ಲಿ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ಭಾನುವಾರ ಬಂದು ತಗೊಂಡು ಹೋಗುತ್ತಾಳೆ.